ವಾರಂಟ್ ಇಲ್ಲದೆ ಮನೆ ಹೊಕ್ಕ ಪೊಲೀಸರು

ಪ್ರಶ್ನೆ: ಇಬ್ಬರು ಗೆಳೆಯರೊಂದಿಗೆ ಬಾಡಿಗೆ ಮನೆಯಲ್ಲಿದ್ದೇನೆ. ಕಳೆದ ತಿಂಗಳು ಒಂದು ರಾತ್ರಿ ಎಂಟೂವರೆಗೆ ಮೂವರು ಪೊಲೀಸರು ಬಂದರು. ಗೆಳೆಯರಲ್ಲಿ ಒಬ್ಬನ ಮೇಲೆ ಆನ್‌ಲೈನ್ ವಂಚನೆಯ ಪ್ರಕರಣ ದಾಖಲಾಗಿದೆಯಂತೆ. ಅವನು ಆಗ ಮನೆಯಲ್ಲಿರಲಿಲ್ಲ. ವಾರಂಟ್ ಕೇಳಿದ್ದಕ್ಕೆ ‘ಸಿನಿಮಾ ಬಹಳ ನೋಡುತ್ತೀರಿ’ ಎಂದು ನಕ್ಕರು. ಕೋಣೆ, ಬೀರು, ಹಾಸಿಗೆಯ ಅಡಿ ಎಲ್ಲವನ್ನೂ ಹುಡುಕಿ ಅವನ ಲ್ಯಾಪ್‌ಟಾಪಿನ ಜೊತೆಗೆ ನನ್ನ ಮೊಬೈಲನ್ನೂ ತೆಗೆದುಕೊಂಡು ಹೋದರು. ಮೊಬೈಲಿನ ಪಾಸ್‌ವರ್ಡ್ ಬರೆಸಿಕೊಂಡರು, ಎರಡು ಹಾಳೆಗೆ ಸಹಿ ಹಾಕಿಸಿಕೊಂಡರು. ಅಮೆರಿಕದಲ್ಲಿ ವಾರಂಟ್ ಇಲ್ಲದೆ ಸಿಕ್ಕ ಸಾಕ್ಷ್ಯವನ್ನು ನ್ಯಾಯಾಲಯ ಎಸೆದುಬಿಡುತ್ತದೆ ಎಂದು ಓದಿದ್ದೇನೆ. ನಮ್ಮ ಸಂವಿಧಾನದಲ್ಲಿ ಅಂಥ ರಕ್ಷಣೆ ಇಲ್ಲವೇ? ಈಗ ನಾನು ಏನು ಮಾಡಬಹುದು?

ಉತ್ತರ: ನಿಮ್ಮನ್ನು ನೋಡಿ ನಕ್ಕ ಅಧಿಕಾರಿಯ ನಡತೆ ಸರಿಯಲ್ಲ. ಆದರೆ ವಾರಂಟಿನ ಬಗ್ಗೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನಮ್ಮಲ್ಲಿ ಪೊಲೀಸರು ನಡೆಸುವ ಮನೆ ಶೋಧಗಳಲ್ಲಿ ನ್ಯಾಯಾಲಯದ ವಾರಂಟ್ ಹಿಡಿದು ಬರುವವು ಬಹಳ ಕಡಿಮೆ. ಪುಸ್ತಕದಲ್ಲಿ ವಾರಂಟ್ ನಿಯಮ, ವಾರಂಟ್ ಇಲ್ಲದ ಶೋಧ ಅಪವಾದ. ಠಾಣೆಯಲ್ಲಿ ಅದು ತಿರುಗುಮುರುಗಾಗಿದೆ. ಹೀಗಾಗಿ ‘ವಾರಂಟ್ ಎಲ್ಲಿ?’ ಎಂದು ಕೇಳಿದವರಿಗೆ ಸಿಗುವುದು ನಗು. ‘ಶೋಧದ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆದಿದ್ದೀರಾ, ಮಹಜರಿನ ಪ್ರತಿ ಕೊಡುತ್ತೀರಾ?’ ಎಂದು ಕೇಳಿದರೆ ಅದೇ ಅಧಿಕಾರಿ ಒಂದು ಕ್ಷಣ ಸುಮ್ಮನಾಗುತ್ತಾರೆ. (ಕೇಸ್ ಡೈರಿ ಎಂದರೆ ತನಿಖೆಯ ದಿನಚರಿ; ಮಹಜರು ಎಂದರೆ ಶೋಧದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ಬರೆದ ದಾಖಲೆ.) ನನ್ನ ಉತ್ತರವೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಅಮೆರಿಕದ ಮಾತು ಮುಗಿಸಿಬಿಡೋಣ, ಏಕೆಂದರೆ ನೀವು ಓದಿರುವುದು ಅರ್ಧ ನಿಜ. ಅಲ್ಲಿನ ಸಂವಿಧಾನದ ನಾಲ್ಕನೆಯ ತಿದ್ದುಪಡಿ 1791ರಿಂದ ಜಾರಿಯಲ್ಲಿದೆ. ಜನರ ಮೈ, ಮನೆ, ಕಾಗದಪತ್ರ, ಸ್ವತ್ತುಗಳ ಮೇಲೆ ಅಸಮಂಜಸವಾದ ಶೋಧ ನಡೆಯಕೂಡದು; ವಾರಂಟ್ ಕೊಡುವುದಾದರೆ ಪ್ರಮಾಣ ಮಾಡಿ ಹೇಳಿದ ಬಲವಾದ ಕಾರಣವಿರಬೇಕು; ಯಾವ ಜಾಗ, ಯಾವ ವಸ್ತು ಎಂದು ಅದರಲ್ಲಿ ಗುರುತಿಸಿರಬೇಕು. ಇದನ್ನು ಮುರಿದು ತಂದ ಸಾಕ್ಷ್ಯವನ್ನು ರಾಜ್ಯಗಳ ನ್ಯಾಯಾಲಯಗಳೂ ಒಪ್ಪಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1961ರ ಮ್ಯಾಪ್ ಪ್ರಕರಣದಲ್ಲಿ. ಇಷ್ಟು ನಿಯಮ. ಇನ್ನು ಅಪವಾದಗಳು: ಮನೆಯವರು ಒಪ್ಪಿದರೆ ವಾರಂಟ್ ಬೇಡ. ಓಡುತ್ತಿರುವ ಆರೋಪಿಯ ಬೆನ್ನಟ್ಟಿ ಒಳಗೆ ನುಗ್ಗಿದರೆ ಬೇಡ. ಒಳಗಿನಿಂದ ಯಾರೋ ಕಿರುಚಿಕೊಂಡರೆ, ಸಾಕ್ಷ್ಯ ನಾಶವಾಗುತ್ತಿದೆ ಎನ್ನುವ ಸ್ಥಿತಿ ಇದ್ದರೆ ಬೇಡ. ಬಂಧಿಸಿದವನ ಮೈ ಮತ್ತು ಅವನ ಕೈಗೆಟಕುವ ಸುತ್ತಳತೆಯನ್ನು ನೋಡಲು ಬೇಡ. ಪೊಲೀಸರು ನ್ಯಾಯವಾಗಿ ನಿಂತಿರುವ ಜಾಗದಿಂದ ಕಣ್ಣಿಗೆ ಬಿದ್ದದ್ದಕ್ಕೆ ಬೇಡ. ಬಲವಾದ ಕಾರಣವಿದ್ದರೆ ಮೋಟಾರು ಕಾರಿಗೂ ಬೇಡ. ಈ ಕಾರಿನ ಅಪವಾದ ಹುಟ್ಟಿದ್ದು ಪಾನನಿಷೇಧದ ಕಾಲದಲ್ಲಿ, 1925ರಲ್ಲಿ. ಕಾರು ಮನೆಯಂತೆ ನಿಂತಲ್ಲೇ ನಿಲ್ಲುವುದಿಲ್ಲ, ವಾರಂಟ್ ತರುವಷ್ಟರಲ್ಲಿ ಗಡಿ ದಾಟಿರುತ್ತದೆ ಎಂಬ ತರ್ಕ. ರಸ್ತೆಯಲ್ಲಿ ನಿಲ್ಲಿಸಿದವನ ಬಳಿ ಆಯುಧವಿರಬಹುದು ಎಂಬ ಸಕಾರಣ ಅನುಮಾನವಿದ್ದರೆ ಬಟ್ಟೆಯ ಮೇಲೆ ತಡವಿ ನೋಡಲು 1968ರ ಟೆರಿ ತೀರ್ಪು ಅನುಮತಿ ಕೊಟ್ಟಿತು. ವಾರಂಟ್ ದೋಷಪೂರಿತವಾಗಿದ್ದರೂ ಅಧಿಕಾರಿ ಅದನ್ನು ಸದ್ಭಾವನೆಯಿಂದ ನಂಬಿದ್ದರೆ ಸಾಕ್ಷ್ಯ ನಿಲ್ಲುತ್ತದೆ ಎಂದು 1984ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿನ ವಕೀಲರ ಹಗಲೆಲ್ಲ ಕಳೆಯುವುದು ಈ ಅಪವಾದಗಳ ಜಗಳದಲ್ಲಿಯೇ.

ಆದರೂ ಒಂದು ವಿಷಯದಲ್ಲಿ ಅವರ ಸ್ಥಿತಿ ನಮಗಿಂತ ಗಟ್ಟಿ. ಬಾಗಿಲಲ್ಲಿ ನಿಂತ ಹೆಂಡತಿ ‘ಬನ್ನಿ’ ಎಂದಳು, ಪಕ್ಕದಲ್ಲೇ ನಿಂತ ಗಂಡ ‘ಬೇಡ’ ಎಂದ. ಆಗ ಒಳಗೆ ಹೋಗಬಹುದೇ? ಇಂಥ ಪ್ರಶ್ನೆ ಅಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2006ರಲ್ಲಿ ‘ಹೋಗಬಾರದು’ ಎಂಬ ಉತ್ತರ ಬಂದಿದೆ. ಒಂದೇ ಮನೆಯಲ್ಲಿ ಮೂವರು ಗೆಳೆಯರಿರುವ ನಿಮಗೆ ಇದು ಬೇಕಾದ ಪ್ರಶ್ನೆಯೇ. ನಮ್ಮ ಕಾನೂನಿನಲ್ಲಿ ಒಪ್ಪಿಗೆಯ ಶೋಧ ಎಂಬ ಬೆಳೆದ ಸಿದ್ಧಾಂತವೇ ಇಲ್ಲ. ಅದರ ಜಾಗದಲ್ಲಿ ಇರುವುದು ಮಹಜರಿನ ಒಂದು ಪದ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಮ್ಮ ಸಂವಿಧಾನ. ಶೋಧದ ವಿರುದ್ಧ ರಕ್ಷಣೆ ಕೊಡುವ ಪ್ರತ್ಯೇಕ ವಿಧಿ ಅದರಲ್ಲಿ ಇಲ್ಲ. ನಮ್ಮ ಹಿರಿಯರಿಗೆ ಇದು ಹೊಳೆಯಲಿಲ್ಲ ಎಂದು ತಿಳಿಯಬೇಡಿ. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಅಮೆರಿಕದ ನಾಲ್ಕನೆಯ ತಿದ್ದುಪಡಿಯ ಮಾದರಿಯಲ್ಲೇ ಒಂದು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಅದನ್ನು ಒಪ್ಪಲು ಸಿದ್ಧರಿದ್ದರು. ಇದು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈಗಾಗಲೇ ಇದೆ, ಆದರೂ ಶಾಸಕಾಂಗದ ಕೈಗೆ ಸಿಗದಂತೆ ಸಂವಿಧಾನದಲ್ಲಿ ಇಡುವುದು ಉಪಯುಕ್ತ ಎಂಬುದು ಅವರ ಮಾತಿನ ತಾತ್ಪರ್ಯ. ಕೊನೆಗೆ ಮತಕ್ಕೆ ಹಾಕಿದಾಗ ತಿದ್ದುಪಡಿ ಬಿದ್ದುಹೋಯಿತು. ಅಂಬೇಡ್ಕರ್ ಅವರೇ ಒಪ್ಪಿದ್ದ ಮಾತೊಂದು ಸಭೆಯಲ್ಲಿ ಸೋತದ್ದನ್ನು ಓದಿದಾಗಲೆಲ್ಲ ನನಗೆ ಆ ಮಧ್ಯಾಹ್ನ ಒಂದಿಷ್ಟು ಬೇರೆಯಾಗಿ ಕಳೆದಿದ್ದರೆ ಎನ್ನಿಸುತ್ತದೆ.

ಆ ಸೋಲಿನ ಬೆಲೆ ಆರು ವರ್ಷದೊಳಗೇ ತಿಳಿಯಿತು. 1954ರಲ್ಲಿ ಎಂ.ಪಿ. ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ, ಶೋಧದ ಅಧಿಕಾರಕ್ಕೆ ನಾಲ್ಕನೆಯ ತಿದ್ದುಪಡಿಯಂಥ ಮಿತಿಯನ್ನು ಸಂವಿಧಾನ ರಚಿಸಿದವರು ಹಾಕಲಿಲ್ಲ, ಹಾಗಿರುವಾಗ ನಾವು ಅದನ್ನು ಬೇರೆ ದಾರಿಯಿಂದ ಎಳೆದು ತರಲಾರೆವು ಎಂದಿತು. 1962ರಲ್ಲಿ ಖರಕ್ ಸಿಂಗ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತು ಮನೆ ಬಾಗಿಲು ತಟ್ಟುವ ಪದ್ಧತಿಯನ್ನು ನ್ಯಾಯಾಲಯ ರದ್ದು ಮಾಡಿತು. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಬಹುಮತ ಒಪ್ಪಲಿಲ್ಲ. ಮುಂದಿನ ಐವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ವಕೀಲರು ಈ ಎರಡು ತೀರ್ಪುಗಳನ್ನು ಗುರಾಣಿ ಮಾಡಿಕೊಂಡರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಗುರಾಣಿಯನ್ನು ಕಿತ್ತುಕೊಂಡಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಒಳಗೇ ಇದೆ. ಅದರಲ್ಲಿ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದ ಕ್ರಮವಾಗಿರಬೇಕು ಎಂದು ಅದು ಹೇಳಿತು. ಆದ್ದರಿಂದ ‘ಸಂವಿಧಾನದಲ್ಲಿ ರಕ್ಷಣೆ ಇಲ್ಲವೇ’ ಎಂಬ ನಿಮ್ಮ ಪ್ರಶ್ನೆಗೆ ಇಂದಿನ ಉತ್ತರ: ಇದೆ. ಆದರೆ ವಾರಂಟ್ ಕಡ್ಡಾಯ ಎನ್ನುವ ರೂಪದಲ್ಲಿ ಅಲ್ಲ. ಶೋಧದ ಕಾನೂನು ಹಾಕಿರುವ ಷರತ್ತುಗಳನ್ನು ಅಧಿಕಾರಿ ಪಾಲಿಸದಿದ್ದರೆ ಅದು ಈಗ ಬರಿಯ ಕಾಗದದ ಲೋಪವಲ್ಲ, ನಿಮ್ಮ ಮೂಲಭೂತ ಹಕ್ಕಿಗೇ ತಗಲುವ ಲೋಪ ಎಂದು ವಾದಿಸಬಹುದು.

ಹಾಗಾದರೆ ಆ ಷರತ್ತುಗಳು ಯಾವುವು? 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ವಾರಂಟ್ ಬಗ್ಗೆ ಅದರ 96ನೆಯ ಕಲಂ ಹೇಳುತ್ತದೆ: ಕೇಳಿದರೆ ವಸ್ತುವನ್ನು ಇಟ್ಟುಕೊಂಡವನು ತಂದೊಪ್ಪಿಸುವುದಿಲ್ಲ ಎಂದು ನಂಬಲು ಕಾರಣವಿದ್ದಾಗ, ವಸ್ತು ಯಾರ ಬಳಿ ಇದೆ ಎಂದು ತಿಳಿಯದಿದ್ದಾಗ, ಅಥವಾ ಸಾಮಾನ್ಯ ಶೋಧದಿಂದಲೇ ಕೆಲಸವಾಗುತ್ತದೆ ಎನ್ನಿಸಿದಾಗ ನ್ಯಾಯಾಲಯ ಶೋಧನಾ ವಾರಂಟ್ ಕೊಡಬಹುದು. ಇದು ಹಳೆಯ 93ನೆಯ ಕಲಮಿನ ಹೊಸ ಸಂಖ್ಯೆ.

ನಿಮ್ಮ ಮನೆಗೆ ಬಂದವರು ಬಳಸಿರುವುದು ಬಹುಶಃ 185ನೆಯ ಕಲಂ, ಹಿಂದಿನ 165. ಇದನ್ನು ನಿಧಾನವಾಗಿ ಓದಬೇಕು, ಏಕೆಂದರೆ ಪ್ರತಿ ಪದದಲ್ಲೂ ಒಂದು ಬೇಲಿ ಇದೆ. ಶೋಧಿಸುವವರು ಠಾಣಾಧಿಕಾರಿ ಅಥವಾ ಆ ಪ್ರಕರಣದ ತನಿಖಾಧಿಕಾರಿಯಾಗಿರಬೇಕು. ಅವರಿಗೆ ತನಿಖೆ ನಡೆಸುವ ಅಧಿಕಾರವಿರುವ ಅಪರಾಧವೇ ಆಗಿರಬೇಕು. ತನಿಖೆಗೆ ಬೇಕಾದ ವಸ್ತು ಆ ಜಾಗದಲ್ಲಿ ಸಿಗಬಹುದೆಂದು ನಂಬಲು ಸಕಾರಣವಿರಬೇಕು. ಬೇರೆ ದಾರಿಯಿಂದ, ಎಂದರೆ ವಾರಂಟ್ ಪಡೆದು ಬರಲು ಹೋದರೆ, ಅನುಚಿತ ವಿಳಂಬವಾಗುತ್ತದೆ ಎನ್ನುವಂತಿರಬೇಕು. ಈ ನಂಬಿಕೆಯ ಕಾರಣಗಳನ್ನೂ, ಯಾವ ವಸ್ತುವನ್ನು ಹುಡುಕಲು ಹೊರಟಿದ್ದಾರೆ ಎಂಬುದನ್ನೂ, ಶೋಧಕ್ಕೆ ಮುಂಚೆಯೇ ಕೇಸ್ ಡೈರಿಯಲ್ಲಿ ಬರೆದಿರಬೇಕು. ಸಾಧ್ಯವಿದ್ದಷ್ಟೂ ಅಧಿಕಾರಿ ಖುದ್ದಾಗಿ ಶೋಧಿಸಬೇಕು; ಕೈಕೆಳಗಿನವರನ್ನು ಕಳಿಸುವುದಾದರೆ ಏಕೆ ಎಂದು ಬರೆದು, ಜಾಗವನ್ನೂ ವಸ್ತುವನ್ನೂ ತಿಳಿಸುವ ಲಿಖಿತ ಆದೇಶ ಅವರ ಕೈಗೆ ಕೊಡಬೇಕು. ಬರೆದುಕೊಂಡದ್ದರ ಪ್ರತಿಗಳನ್ನು ಕೂಡಲೇ, ಹೆಚ್ಚೆಂದರೆ 48 ಗಂಟೆಯೊಳಗೆ, ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಈ 48 ಗಂಟೆಯ ಗಡುವು ಹಳೆಯ ಸಂಹಿತೆಯಲ್ಲಿ ಇರಲಿಲ್ಲ. ‘ಕೂಡಲೇ’ ಎಂಬ ಪದ ಎಷ್ಟು ವಾರ ಹಿಗ್ಗುತ್ತದೆ ಎಂಬುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಮನೆಯ ಮಾಲೀಕರಾಗಲಿ ವಾಸವಿರುವವರಾಗಲಿ ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಆ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನೀವು ಬಾಡಿಗೆದಾರರು, ಅಂದರೆ ವಾಸವಿರುವವರು. ಈ ಕೊನೆಯ ಸಾಲು ನಿಮಗಾಗಿಯೇ ಬರೆದದ್ದು ಎಂದು ತಿಳಿಯಿರಿ.

ರಾತ್ರಿ ಎಂಟೂವರೆ ಎಂಬುದನ್ನು ನೀವು ಒತ್ತಿ ಹೇಳಿದ್ದೀರಿ. ಸಾಮಾನ್ಯ ಅಪರಾಧಗಳಲ್ಲಿ ರಾತ್ರಿ ಶೋಧ ಕೂಡದು ಎಂಬ ನಿಷೇಧ 185ನೆಯ ಕಲಮಿನಲ್ಲಿ ಇಲ್ಲ. ಆ ಎಳೆಯನ್ನು ಹಿಡಿದು ಎಳೆಯಬೇಡಿ.

ಶೋಧ ಹೇಗೆ ನಡೆಯಬೇಕು ಎಂಬುದು 103ನೆಯ ಕಲಮಿನಲ್ಲಿದೆ. ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಪಂಚರಾಗಿ, ಎಂದರೆ ಶೋಧದ ಸಾಕ್ಷಿಗಳಾಗಿ, ಕರೆಯಬೇಕು. ಅವರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಮಾತ್ರ ಬೇರೆ ಕಡೆಯವರು. ವಾಸವಿರುವವರು ಶೋಧದ ಉದ್ದಕ್ಕೂ ಜೊತೆಯಲ್ಲಿರಲು ಬಿಡಬೇಕು. ಎಲ್ಲೆಲ್ಲಿ ಏನೇನು ಸಿಕ್ಕಿತು ಎಂಬ ಪಟ್ಟಿ ತಯಾರಿಸಿ ಪಂಚರ ಸಹಿ ಪಡೆಯಬೇಕು, ಅದರ ಪ್ರತಿಯನ್ನು ವಾಸವಿರುವವರಿಗೆ ಕೊಡಬೇಕು. ಹೆಂಗಸರ ಮೈ ಶೋಧವಿದ್ದರೆ ಹೆಂಗಸರೇ, ಮರ್ಯಾದೆಗೆ ಚ್ಯುತಿ ಬಾರದಂತೆ ಮಾಡಬೇಕು. ಪಂಚರ ವಿಷಯದಲ್ಲಿ ನಾವು ವಕೀಲರು ನಗುವುದೂ ಉಂಟು, ಅಳುವುದೂ ಉಂಟು. ಠಾಣೆಯ ಎದುರಿನ ಅಂಗಡಿಯವರೇ ಊರಿನ ಮೂಲೆಮೂಲೆಯ ಮನೆಗಳಿಗೆ ‘ಸ್ಥಳೀಯ ನಿವಾಸಿ’ಯಾಗಿ ಹೋಗಿಬಂದಿರುವ ಮಹಜರುಗಳನ್ನು ನೋಡಿ ನೋಡಿ ನಮಗೆ ಕೆಲವು ಪಂಚರ ಸಹಿಯ ಸುಳಿಗಳೂ ಪರಿಚಿತವಾಗಿವೆ. ನಿಮ್ಮ ಪತ್ರದಲ್ಲಿ ಪಂಚರ ಮಾತೇ ಇಲ್ಲ. ಅಂದು ಮೂವರು ಪೊಲೀಸರನ್ನು ಬಿಟ್ಟು ಮತ್ತಾರೂ ಬಂದಿರಲಿಲ್ಲವಾದರೆ, ಮಹಜರಿನಲ್ಲಿ ಯಾರ ಹೆಸರು ಮೂಡಿದೆ ಎಂದು ನೋಡುವುದೇ ನಿಮ್ಮ ಮೊದಲ ಕುತೂಹಲವಾಗಲಿ.

ಹೊಸ ಸಂಹಿತೆಯ 105ನೆಯ ಕಲಂ ಈ ಆಟಕ್ಕೆ ಒಂದು ಕಡಿವಾಣ ತಂದಿದೆ. ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆಯನ್ನು, ಪಟ್ಟಿ ತಯಾರಿಸಿ ಪಂಚರು ಸಹಿ ಹಾಕುವುದನ್ನೂ ಸೇರಿಸಿ, ಧ್ವನಿ ಸಹಿತ ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ತಡಮಾಡದೆ ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಿಡಿಯೊ ಮಾಡದಿದ್ದರೆ ಶೋಧವೇ ಅಸಿಂಧು ಎಂದು ಕಲಮಿನಲ್ಲಿ ಬರೆದಿಲ್ಲ, ಅದು ಅದರ ದೌರ್ಬಲ್ಯ. ಆದರೂ ‘ಮಾಡಬೇಕು’ ಎಂದಿರುವ ಕೆಲಸವನ್ನು ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಪಾಟೀ ಸವಾಲಿನ ಕಟಕಟೆಯಲ್ಲಿ ನಿಂತು ಉತ್ತರಿಸುವುದು ಯಾವ ತನಿಖಾಧಿಕಾರಿಗೂ ಸುಲಭವಲ್ಲ. ನಿಮ್ಮ ಮನೆಯ ಶೋಧವನ್ನು ಯಾರಾದರೂ ಚಿತ್ರೀಕರಿಸುತ್ತಿದ್ದರೇ? ಈಗಲೇ ನೆನಪಿಸಿಕೊಂಡು ಬರೆದಿಡಿ, ಒಂದು ವರ್ಷದ ಮೇಲೆ ನೆನಪು ಕೈಕೊಡುತ್ತದೆ.

ಇಷ್ಟೆಲ್ಲ ಬೇಲಿ ಮುರಿದರೆ ಏನಾಗುತ್ತದೆ? ಇಲ್ಲಿಯೇ ನಮ್ಮ ಕಾನೂನು ನಿಮ್ಮನ್ನು ನಿರಾಶೆಗೊಳಿಸುತ್ತದೆ. ಅಕ್ರಮ ಶೋಧದಲ್ಲಿ ಸಿಕ್ಕ ವಸ್ತು ಪ್ರಕರಣಕ್ಕೆ ಸಂಬಂಧಿಸಿದ್ದರೆ ಅದನ್ನು ಸಾಕ್ಷ್ಯವಾಗಿ ಒಪ್ಪಬಹುದು ಎಂದು ಆದಾಯ ತೆರಿಗೆ ದಾಳಿಯೊಂದರ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪೂರಣ್ ಮಲ್ ಪ್ರಕರಣದಲ್ಲಿ ಹೇಳಿತು. 1974ರಿಂದ ಕಾನೂನು ವರದಿಗಳಲ್ಲಿರುವ ಈ ತೀರ್ಪೇ ಇಂದಿಗೂ ಸಾಮಾನ್ಯ ನಿಯಮ. ಅದಕ್ಕೂ ಮುಂಚೆ, 1963ರ ರಾಧಾ ಕಿಷನ್ ಪ್ರಕರಣದಲ್ಲಿ, ಶೋಧದ ಕಲಮುಗಳನ್ನು ಮುರಿದರೆ ಎರಡು ಪರಿಣಾಮವಷ್ಟೇ ಎಂದಿತ್ತು: ಮನೆಯವರು ಅಂಥ ಶೋಧವನ್ನು ತಡೆಯಬಹುದು, ಮತ್ತು ಜಪ್ತಿಯ ಸಾಕ್ಷ್ಯವನ್ನು ನ್ಯಾಯಾಲಯ ಹೆಚ್ಚು ಎಚ್ಚರದಿಂದ ಪರೀಕ್ಷಿಸಬಹುದು. ಪೂರಣ್ ಮಲ್ ಹಿಂದೆ ನಿಂತಿದ್ದ ಅಡಿಪಾಯಗಳಲ್ಲಿ ಒಂದು ಎಂ.ಪಿ. ಶರ್ಮ ತೀರ್ಪು. 2017ರಲ್ಲಿ ಆ ಅಡಿಪಾಯವೇ ಹೋದ ಮೇಲೆ ಮೇಲಿನ ಕಟ್ಟಡ ಎಷ್ಟು ಕಾಲ ನಿಲ್ಲಬೇಕು ಎಂದು ನನ್ನಂಥವರು ಕೇಳುತ್ತಲೇ ಇದ್ದೇವೆ. ವಿಚಾರಣಾ ನ್ಯಾಯಾಲಯದಲ್ಲಿ ಇದನ್ನು ಕೇಳಿದರೆ ನಯವಾಗಿ ‘ಹೈಕೋರ್ಟಿನಲ್ಲಿ ಹೇಳಿ’ ಎನ್ನುತ್ತಾರೆ.

‘ತಡೆಯಬಹುದು’ ಎಂಬ ಮಾತಿಗೆ ಒಂದು ಸ್ವಾರಸ್ಯಕರ ಉದಾಹರಣೆ ರಾಜಸ್ಥಾನದ್ದು. ಅಬಕಾರಿ ಸುಂಕದ ಅಧಿಕಾರಿಗಳು ಶೋಧದ ಕಾರಣವನ್ನು ಮೊದಲೇ ಬರೆದಿಡದೆ ರೈತನೊಬ್ಬನ ಮನೆಗೆ ಹೋದರು, ಮನೆಯವರು ಅಡ್ಡಿಪಡಿಸಿದರು. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ ಎಂದು ಮೊಕದ್ದಮೆ. ಕಾರಣ ಬರೆದಿಡುವುದು ಶೋಧದ ಮುಖ್ಯ ಹೆಜ್ಜೆ, ಅದಿಲ್ಲದ ಶೋಧ ಅಕ್ರಮ, ಹಾಗಾಗಿ ಅಡ್ಡಿಪಡಿಸಿದ್ದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 1960ರ ಸುಮಾರಿಗೆ ಹೇಳಿತು. ಓದಲು ಚೆಂದ. ಹಾಗೆಂದು ನೀವು ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಡೈರಿಯಲ್ಲಿ ಬರೆದಿದ್ದಾರೋ ಇಲ್ಲವೋ ಆ ಕ್ಷಣ ನಿಮಗೆ ತಿಳಿಯುವುದಿಲ್ಲ. ಅಧಿಕಾರಿ ಸದ್ಭಾವನೆಯಿಂದ ಮಾಡಿದ ಕೆಲಸ ಕಾನೂನಿಗೆ ಕೂದಲೆಳೆಯಷ್ಟು ಹೊರಗಿದ್ದರೂ, ಸಾವಿನ ಅಥವಾ ತೀವ್ರ ಗಾಯದ ಭಯವಿಲ್ಲದೆ ಆತ್ಮರಕ್ಷಣೆಯ ಹಕ್ಕು ಹೇಳಿಕೊಳ್ಳಲು ಬರುವುದಿಲ್ಲ. ಬಾಯಲ್ಲಿ ಆಕ್ಷೇಪಿಸಿ, ಕೈ ಕಟ್ಟಿಕೊಂಡಿರಿ.

ಮಾದಕ ವಸ್ತುಗಳ ಕಾಯ್ದೆ ಮಾತ್ರ ಬೇರೆ ಲೋಕ. ಅಲ್ಲಿ ಶಿಕ್ಷೆ ಕಠಿಣ, ಆದ್ದರಿಂದ ಬೇಲಿಯೂ ಬಿಗಿ. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ವಾರಂಟ್ ಇಲ್ಲದೆ ಮನೆ ಹೊಗಬೇಕಾದರೆ ವಾರಂಟ್ ತರುವಷ್ಟು ಸಮಯವಿರಲಿಲ್ಲ ಎಂಬುದಕ್ಕೆ ಪ್ರತ್ಯೇಕ ಕಾರಣ ಬರೆಯಬೇಕು. ಮೈ ಶೋಧಕ್ಕೆ ಮುಂಚೆ, ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಿಸಿ ಎಂದು ಕೇಳುವ ಹಕ್ಕು ನಿಮಗಿದೆ’ ಎಂದು ತಿಳಿಸಬೇಕು. ತಿಳಿಸದೆ ಮೈ ಶೋಧಿಸಿ ತೆಗೆದ ವಸ್ತುವಿನ ಆಧಾರದ ಮೇಲೆ ಮಾತ್ರ ಕೊಟ್ಟ ಶಿಕ್ಷೆ ನಿಲ್ಲುವುದಿಲ್ಲ ಎಂದು 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತು. ಅಮೆರಿಕದ ನಿಯಮಕ್ಕೆ ನಮ್ಮಲ್ಲಿ ಅತ್ಯಂತ ಹತ್ತಿರವಿರುವುದು ಇದೇ. ಆದರೆ ಕೈಚೀಲಕ್ಕೆ ಇದು ಅನ್ವಯಿಸುವುದಿಲ್ಲ, ಮೈಗೆ ಮಾತ್ರ ಎಂದು 2005ರಲ್ಲಿ ಇನ್ನೊಂದು ತೀರ್ಪು ಬಂತು.

ವಾರಂಟ್ ಬೇಡದ ಉಳಿದ ಸಂದರ್ಭಗಳು ನಿಮಗೆ ಅಷ್ಟಾಗಿ ಸಂಬಂಧಿಸಿಲ್ಲ. ಬಂಧಿಸಬೇಕಾದವನು ಒಳಗಿದ್ದಾನೆ ಎಂದು ನಂಬಲು ಕಾರಣವಿದ್ದರೆ ಒಳಹೊಕ್ಕು ಹುಡುಕಬಹುದು. ಬಂಧಿತನ ಮೈ ಶೋಧಿಸಿ ಸಿಕ್ಕಿದ್ದಕ್ಕೆ ರಸೀದಿ ಕೊಡಬೇಕು. ಕದ್ದದ್ದೆಂದು ಅನುಮಾನವಿರುವ, ಅಥವಾ ಅಪರಾಧದ ಅನುಮಾನ ಹುಟ್ಟಿಸುವ ಸ್ಥಿತಿಯಲ್ಲಿ ಸಿಕ್ಕ ಸ್ವತ್ತನ್ನು 106ನೆಯ ಕಲಮಿನಡಿ ಜಪ್ತಿ ಮಾಡಬಹುದು. ಸಂಹಿತೆಯಲ್ಲಿ ‘ಸ್ಥಳ’ ಎಂದರೆ ವಾಹನವೂ ಸೇರುತ್ತದೆ, ಹಾಗಾಗಿ ಕಾರಿನ ಡಿಕ್ಕಿಗೂ 185ರ ಷರತ್ತುಗಳೇ. ರಸ್ತೆಯಲ್ಲಿ ನಿಲ್ಲಿಸಿ ಚಾಲನಾ ಪರವಾನಗಿ ತೋರಿಸಿ ಎನ್ನಲು ಕಾನೂನಿದೆ. ದಾರಿಹೋಕರ ಮೊಬೈಲ್ ಕಸಿದು ವಾಟ್ಸ್‌ಆ್ಯಪ್ ಮಾತುಕತೆ ತಿರುವಿಹಾಕಲು ಅನುಮತಿಸುವ ಯಾವ ಕಲಮೂ ಇಲ್ಲ.

ಈಗ ನಿಮ್ಮ ಮೊಬೈಲ್. ನನಗೆ ಅತಿ ಹೆಚ್ಚು ಕಸಿವಿಸಿ ಹುಟ್ಟಿಸಿದ್ದು ಇದೇ. ಪ್ರಕರಣ ಗೆಳೆಯನ ಮೇಲೆ, ಹೋದದ್ದು ನಿಮ್ಮ ಮೊಬೈಲ್. ಡೈರಿಯಲ್ಲಿ ಬರೆದ ವಸ್ತುಗಳಲ್ಲಿ ಅದು ಇತ್ತೇ? ಇಲ್ಲದಿದ್ದರೆ ಅದರ ಮೇಲೆ ಅನುಮಾನ ಹುಟ್ಟಿಸಿದ ಸಂದರ್ಭ ಯಾವುದು? ಒಂದೇ ಸೂರಿನಡಿ ಮಲಗುವುದು ಅನುಮಾನಕ್ಕೆ ಸಾಕಾಗುವ ಕಾರಣವಲ್ಲ.

ಪಾಸ್‌ವರ್ಡಿನ ಬಗ್ಗೆ ಕರ್ನಾಟಕ ಹೈಕೋರ್ಟ್ 2021ರ ಮಾರ್ಚಿನಲ್ಲಿ ಒಂದು ಮಹತ್ವದ ತೀರ್ಪು ಕೊಟ್ಟಿದೆ, ನಮ್ಮ ರಾಜ್ಯದ ಪೊಲೀಸರಿಗೆ ಅದು ಕೈಪಿಡಿಯಂತಿರಬೇಕು. ಅದರ ಸಾರ: ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡುವುದು ಬಿಡುವುದು ಆರೋಪಿಗೆ ಬಿಟ್ಟದ್ದು. ಕೊಡದಿದ್ದರೆ ಅಧಿಕಾರಿ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟ್ ಪಡೆಯಬೇಕು, ಒತ್ತಾಯಿಸುವಂತಿಲ್ಲ. ಮೊಬೈಲಿನ ಒಳಗನ್ನು ವಾರಂಟ್ ಇಲ್ಲದೆ ನೋಡುವುದು ತುರ್ತು ಸಂದರ್ಭದಲ್ಲಿ ಮಾತ್ರ, ಅದೂ ಕಾರಣ ಬರೆದು. ಅದೇ ತೀರ್ಪಿನಲ್ಲಿ, ಪಾಸ್‌ವರ್ಡ್ ಕೊಡುವುದು 20(3)ನೆಯ ವಿಧಿ ನಿಷೇಧಿಸಿರುವ ‘ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವುದು’ ಆಗುವುದಿಲ್ಲ ಎಂದೂ ಹೇಳಿದೆ. ಇದಕ್ಕೆ ಬೆನ್ನೆಲುಬು 1961ರ ಹನ್ನೊಂದು ನ್ಯಾಯಮೂರ್ತಿಗಳ ತೀರ್ಪು. ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ಸಾಕ್ಷಿ ಹೇಳಿದಂತಲ್ಲ ಎಂದಿತ್ತು ಅದು. ನಾನು ಇಲ್ಲಿ ನಮ್ಮ ಹೈಕೋರ್ಟನ್ನು ಗೌರವದಿಂದಲೇ ಒಪ್ಪುವುದಿಲ್ಲ. ಬೆರಳು ಮೈಯ ಭಾಗ. ಪಾಸ್‌ವರ್ಡ್ ಮನಸ್ಸಿನಲ್ಲಿರುವುದು, ಬಾಯಿಬಿಟ್ಟು ಹೇಳಬೇಕಾದದ್ದು. ದೆಹಲಿಯ ವಿಶೇಷ ನ್ಯಾಯಾಲಯವೊಂದು 2022ರಲ್ಲಿ ಹೀಗೆಯೇ ಯೋಚಿಸಿತು. ಆದರೆ ಕರ್ನಾಟಕದಲ್ಲಿ ನಮಗೆ ಅನ್ವಯಿಸುವುದು ಕರ್ನಾಟಕದ ತೀರ್ಪು. ನಿಮ್ಮ ಮಟ್ಟಿಗೆ ಉಪಯೋಗಕ್ಕೆ ಬರುವುದು ಅದರ ಮೊದಲ ಭಾಗ: ‘ಬರೆಸಿಕೊಂಡರು’ ಎಂದಿದ್ದೀರಿ. ಕೇಳಿ ಬರೆಸಿಕೊಂಡರೇ, ಹೆದರಿಸಿ ಬರೆಸಿಕೊಂಡರೇ? ಬೇಡ ಎನ್ನಬಹುದು ಎಂದು ಯಾರಾದರೂ ಹೇಳಿದರೇ?

ಇನ್ನು ಆ ಎರಡು ಹಾಳೆ. ಖಾಲಿಯಾಗಿದ್ದವೇ, ಬರೆದದ್ದಿತ್ತೇ ಎಂದು ನೀವು ತಿಳಿಸಿಲ್ಲ. ಮೇಲೆ ಹೇಳಿದ ಪದ ಬರುವುದು ಇಲ್ಲಿಯೇ. ಮಹಜರುಗಳಲ್ಲಿ ‘ಸ್ವಇಚ್ಛೆಯಿಂದ ಹಾಜರುಪಡಿಸಿದ್ದನ್ನು ಪಂಚರ ಸಮಕ್ಷಮ ಅಮಾನತುಪಡಿಸಿಕೊಂಡಿರುತ್ತೇವೆ’ ಎಂಬ ಸಾಲು ಸಿದ್ಧ ಅಚ್ಚಿನಂತೆ ಇಳಿಯುತ್ತದೆ. ಈ ‘ಸ್ವಇಚ್ಛೆ’ ಬಹಳ ಕೆಲಸ ಮಾಡುತ್ತದೆ. ನೀವಾಗಿಯೇ ತಂದುಕೊಟ್ಟಿರಿ ಎಂದಾದರೆ ಶೋಧವೇ ನಡೆಯಲಿಲ್ಲ. ಶೋಧ ನಡೆಯದಿದ್ದರೆ 185 ಇಲ್ಲ, ಕಾರಣ ಬರೆಯುವುದಿಲ್ಲ, 48 ಗಂಟೆಯ ಗಡುವಿಲ್ಲ. ಬೀರು ಹಾಸಿಗೆ ಎಲ್ಲ ತಡಕಾಡಿದ ರಾತ್ರಿ ಒಂದು ಪದದಿಂದ ಸೌಜನ್ಯದ ಭೇಟಿಯಾಗಿ ಮಾರ್ಪಡುತ್ತದೆ. ಮುಂದೆ ಎಂದಾದರೂ ಇಂಥ ಹಾಳೆ ಎದುರಾದರೆ ಓದದೆ ಸಹಿ ಮಾಡಬೇಡಿ. ಮಾಡಲೇಬೇಕಾದ ಒತ್ತಡ ಬಂದರೆ ಸಹಿಯ ಮೇಲೆ ‘ನನ್ನ ಆಕ್ಷೇಪಣೆಯೊಂದಿಗೆ, ಪ್ರತಿ ಕೊಟ್ಟಿಲ್ಲ’ ಎಂದು ಬರೆದು ಗಂಟೆ, ನಿಮಿಷ ಹಾಕಿ. ಖಾಲಿ ಜಾಗವಿದ್ದರೆ ಅಡ್ಡಗೆರೆ ಎಳೆಯಿರಿ.

ಈಗ ಮಾಡಬೇಕಾದ ಕೆಲಸ. ಅಂದು ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮ ಕೈಬರಹದಲ್ಲಿ ಬರೆದಿಡಿ: ಯಾರು ಬಂದರು, ಎದೆಯ ಮೇಲಿನ ಹೆಸರಿನ ಫಲಕದಲ್ಲಿ ಏನಿತ್ತು, ಎಷ್ಟು ಹೊತ್ತಿಗೆ ಹೋದರು, ನೋಡಿದ ನೆರೆಯವರು ಯಾರು. ಎದುರು ಮನೆಯಲ್ಲೋ ಕಟ್ಟಡದ ಬಾಗಿಲಲ್ಲೋ ಸಿಸಿಟಿವಿ ಇದ್ದರೆ ದೃಶ್ಯ ಅಳಿಸಿಹೋಗುವ ಮುನ್ನ ಉಳಿಸಿಕೊಡಿ ಎಂದು ಕೇಳಿ. ಒಂದು ತಿಂಗಳು ಆಗಲೇ ಕಳೆದಿದೆ, ಇದನ್ನು ಇವತ್ತೇ ಮಾಡಿ. ಬ್ಯಾಂಕ್ ಖಾತೆ, ಇಮೇಲ್ ಮುಂತಾದವುಗಳ ಪಾಸ್‌ವರ್ಡ್ ಬದಲಿಸಿ; ಆದರೆ ಮೊಬೈಲಿನಲ್ಲಿರುವುದನ್ನು ದೂರದಿಂದ ಅಳಿಸುವ ಯೋಚನೆ ಬೇಡ, ಅದು ಸಾಕ್ಷ್ಯ ನಾಶದ ಆರೋಪವನ್ನು ಬರಮಾಡಿಕೊಂಡಂತೆ.

ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಅಪರಾಧ ಸಂಖ್ಯೆ, ಜಪ್ತಿ ಪಟ್ಟಿ, ಮಹಜರಿನ ಪ್ರತಿ ಕೇಳಿ. ಸ್ವೀಕೃತಿ ಮೊಹರು ಹಾಕದಿದ್ದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಜೊತೆಜೊತೆಗೆ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ ವಕೀಲರ ಮೂಲಕ ಎರಡು ಅರ್ಜಿ ಹಾಕಿ. ಒಂದು, 185ನೆಯ ಕಲಮಿನಡಿ ಕಳಿಸಿರಬೇಕಾದ ದಾಖಲೆಯ ಪ್ರತಿಗಾಗಿ. ಇನ್ನೊಂದು, ಮೊಬೈಲಿನ ಮಧ್ಯಂತರ ಸುಪರ್ದಿಗಾಗಿ, ಎಂದರೆ ಪ್ರಕರಣ ಮುಗಿಯುವವರೆಗೆ ಅದನ್ನು ನಿಮ್ಮ ವಶಕ್ಕೆ ಕೊಡಿ ಎಂದು, 503ನೆಯ ಕಲಮಿನಡಿ. ಇದು ಹಳೆಯ 457. ಜಪ್ತಿ ಮಾಡಿದ ಸ್ವತ್ತು ಠಾಣೆಯಲ್ಲಿ ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಕೊಳೆಯಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಮೊಬೈಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಸರ್ಕಾರಿ ಅಭಿಯೋಜಕರು ವಿರೋಧಿಸಬಹುದು. ಆಗ ದತ್ತಾಂಶದ ಪ್ರತಿಬಿಂಬ ತೆಗೆದು, ಅದರ ಹ್ಯಾಶ್ ಮೌಲ್ಯವನ್ನು ದಾಖಲಿಸಿ ಮೊಬೈಲ್ ಮರಳಿಸಲಿ ಎಂದು ಕೇಳಿ. ಹ್ಯಾಶ್ ಮೌಲ್ಯ ಎಂದರೆ ಕಡತದ ಬೆರಳಚ್ಚು ಇದ್ದಂತೆ; ಒಂದು ಅಕ್ಷರ ತಿದ್ದಿದರೂ ಅದು ಬದಲಾಗುತ್ತದೆ.

ಮೊದಲ ಅರ್ಜಿಗೆ ಏನು ಉತ್ತರ ಬರುತ್ತದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ದಾಖಲೆ ಬಂದರೆ ಅದರ ಮೇಲಿನ ನ್ಯಾಯಾಲಯದ ಮೊಹರಿನ ದಿನಾಂಕವನ್ನು ಶೋಧದ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. ಅದರಲ್ಲಿ ನಿಮ್ಮ ಮೊಬೈಲಿನ ಪ್ರಸ್ತಾಪವೇ ಇಲ್ಲದಿದ್ದರೆ ಸುಪರ್ದಿ ಅರ್ಜಿಗೆ ಅದನ್ನೇ ಲಗತ್ತಿಸಿ. ‘ಅಂಥ ಯಾವ ದಾಖಲೆಯೂ ಬಂದಿಲ್ಲ’ ಎಂದು ನ್ಯಾಯಾಲಯದ ಕಚೇರಿ ಹಿಂಬರಹ ಕೊಟ್ಟರೆ ಅದನ್ನು ಜೋಪಾನವಾಗಿ ಇಟ್ಟುಕೊಂಡು ಹೈಕೋರ್ಟಿನಲ್ಲಿ 226ನೆಯ ವಿಧಿಯಡಿ ರಿಟ್ ಸಲ್ಲಿಸುವ ಬಗ್ಗೆ ವಕೀಲರೊಂದಿಗೆ ಮಾತನಾಡಿ. ವಾರಂಟ್ ಇರಲಿಲ್ಲ ಎನ್ನುವ ದೂರಿಗಿಂತ ಆ ಒಂದು ಸಾಲಿನ ಹಿಂಬರಹ ಅಲ್ಲಿ ಹೆಚ್ಚು ತೂಗುತ್ತದೆ.